ಸೂಜಿ ಎನ್ನುತ್ತಾರೆ ಇವರು

ಜೂರಾ ಬೆಟ್ಟದ ಬೆನ್ನ ಮೇಲಿನ ಊರು, ಸೇಂತ್ ಕ್ರುವಾ.
ಹಿಮ ಬಿದ್ದ ಮೇಲೆ ಇಲ್ಲಿ ಕೆಲಸವೆಂದರೆ
ಕಿಟಕಿಯ ಬೆಳಕು, ಕಣ್ಣಿಗೊತ್ತಿದ ಭೂತಗನ್ನಡಿ,
ಉಸಿರು ತಾಕಿದರೆ ಹಾರಿಹೋಗುವಂಥ ತಿರುಪು.

ಓಡೀಲ್ ಜಕ್ಕಾರ್ ಸರಿಯಾದ ಗಡಿಯಾರ ಮಾಡುವುದಿಲ್ಲ.
ಸರಿಯಾದದ್ದು ಅಂಗಡಿಯಲ್ಲೇ ಸಿಗುತ್ತದಲ್ಲ, ಅನ್ನುತ್ತಾಳೆ,
ಇಪ್ಪತ್ತು ಫ್ರಾಂಕಿಗೊಂದು, ಸಾಬೂನಿನ ಪಕ್ಕದಲ್ಲಿ.

ಅವಳ ಮೇಜಿನ ಮೇಲೆ
ರಾತ್ರಿಪಾಳಿಯ ನರ್ಸ್ ಒಬ್ಬಳಿಗೆಂದು ಕೊರೆದ ತಟ್ಟೆ:
ಮೂರರಿಂದ ನಾಲ್ಕಕ್ಕೆ ಹೋಗುವ ದಾರಿ
ಉಳಿದ ಯಾವ ದಾರಿಗಿಂತಲೂ ಮೂರು ಪಟ್ಟು ಉದ್ದ.
ಸುಳ್ಳಲ್ಲ, ಯಾವ ವಾರ್ಡಿನಲ್ಲಾದರೂ ಕೇಳಿ ನೋಡು.

ರೊಟ್ಟಿ ಸುಡುವ ಬಾಸ್ತಿಯಾನನಿಗೆ ಕಣ್ಣು ಕಾಣದು.
ಅವನದರಲ್ಲಿ ಸಾಸಿವೆಯಷ್ಟು ಉಕ್ಕಿನ ಗುಂಡು
ತೋಡಿನಲ್ಲಿ ಉರುಳುತ್ತ ಉರುಳುತ್ತ ಗಂಟೆಯಾಗುತ್ತದೆ;
ಹಿಟ್ಟು ಮೆತ್ತಿದ ಬೆರಳಲ್ಲಿ ಐದನ್ನು ಮುಟ್ಟಿ
ಒಲೆಯ ಬಾಗಿಲು ತೆರೆಯುತ್ತಾನೆ.

ಇನ್ನೊಂದರ ಮುಖ ಒಳಗಡೆ, ನಾಡಿಯ ಕಡೆಗೆ.
ಹೊರಗೆ ಬರೀ ಬೆಳ್ಳಿಯ ಬೆನ್ನು.
ಹೊತ್ತು ಎಷ್ಟೆಂದು ನೋಡಲು ಬಿಚ್ಚಬೇಕು,
ಬಿಚ್ಚಿದರೆ ನಿಲ್ಲುತ್ತದೆ.
ಯಾರೂ ಕೊಳ್ಳಲಿಲ್ಲ.
ಅವಳೇ ಕಟ್ಟಿಕೊಂಡಿದ್ದಾಳೆ.

ನಡುವೆ ಒಂದು ಮಾತು:
ಗಡಿಯಾರದ ಮುಳ್ಳಿಗೆ ಇವರು ಸೂಜಿ ಎನ್ನುತ್ತಾರೆ.
ನಿಮಿಷದ ಸೂಜಿ, ಗಂಟೆಯ ಸೂಜಿ.
ನನ್ನ ಭಾಷೆಯಲ್ಲಿ ಮುಳ್ಳು, ಎಂದೆ ಒಮ್ಮೆ.
ಗುಲಾಬಿಯದಾ? ಕೇಳಿದಳು, ಚಿಮಟ ಕೆಳಗಿಡದೆ.
ಅಲ್ಲ,
ಅಂಗಾಲಿನದು.

ಫೆಬ್ರವರಿಯಲ್ಲಿ ಬಂದ ಅರ್ಮಾಂ ಕ್ವೆಂದೆ.
ಇವರ್ದೋಂಗೆ ಇಳಿಯುವ ರೈಲಿಗೆ
ಮೂವತ್ತೊಂದು ವರ್ಷ ಸೀಟಿ ಊದಿದವನು,
ಒಂದು ಉಸಿರು ಹಿಂದಿಲ್ಲ, ಒಂದು ಉಸಿರು ಮುಂದಿಲ್ಲ.
ಟೊಪ್ಪಿಯನ್ನು ತೊಡೆಯ ಮೇಲಿಟ್ಟು ಕೂತ.
ಬೂಟಿನ ಹಿಮ ಕರಗಿ ನೆಲದಲ್ಲಿ ಮಡುಗಟ್ಟಿತು.

ತಡವಾಗುವ ಗಡಿಯಾರ ಬೇಕು.
ಎಷ್ಟು ತಡ?
ನಾಲ್ಕು ನಿಮಿಷ. ಇಡೀ ದಿನವಲ್ಲ.
ಬೆಳಗಿನ ಆರು ಹನ್ನೆರಡಕ್ಕೆ ಬಂದು ನಿಲ್ಲಬೇಕು,
ನಾಲ್ಕು ನಿಮಿಷ ಅಲ್ಲೇ ಇದ್ದು
ಆಮೇಲೆ ಏನೂ ಆಗಿಲ್ಲವೆಂಬಂತೆ
ನೆಗೆದು ಎಲ್ಲರ ಜೊತೆ ಸೇರಿಕೊಳ್ಳಬೇಕು.

ಅವಳು ಏಕೆ ಎನ್ನಲಿಲ್ಲ.
ಏಕೆ ಎಂದರೆ ಬೆಲೆ ಏರುತ್ತದೆ ಎಂಬುದು ಅವಳ ಹಳೆಯ ತಮಾಷೆ,
ಅಂದು ಅದನ್ನೂ ಆಡಲಿಲ್ಲ.
ಅವನಾಗಿಯೇ ಹೇಳಿದ, ನಮಗಲ್ಲ, ಕಿಟಕಿಗೆ:
ಓಡಿ ಬರುತ್ತಿದ್ದಳು. ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ.
ನನಗೆ ಕಂಡಿತ್ತು. ಸೀಟಿ ಬಾಯಲ್ಲೇ ಇತ್ತು.
ಕೆಳಗೆ ಆಸ್ಪತ್ರೆಯಲ್ಲಿ ಮಗುವಂತೆ.
ಮುಂದಿನ ರೈಲು ಏಳು ಹನ್ನೆರಡಕ್ಕೆ.

ಹನ್ನೊಂದು ವಾರ ಹಿಡಿಯಿತು.
ಬಸವನಹುಳದ ಚಿಪ್ಪಿನಂಥ ಒಂದು ತಗಡು,
ಅದರ ಬೆನ್ನೇರಿ ಕೂರುವ ಕೂದಲೆಳೆಯ ಸನ್ನೆ;
ಅಂಚಿಗೆ ಬಂದು ಅದು ಜಾರಿ ಬೀಳುವತನಕ ಮುಳ್ಳು ಕಾಯಬೇಕು.
ಎರಡು ಸಲ ಮುರಿಯಿತು.
ಮೂರನೆಯದಕ್ಕೆ ಅವಳು ಬೈದ ಬೈಗುಳ
ಯಾವ ನಿಘಂಟಿನಲ್ಲೂ ಸಿಗಲಿಲ್ಲ ನನಗೆ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರೆ ನಮ್ಮಲ್ಲಿ, ಎಂದೆ,
ಅವನ ಡಬ್ಬಿಗೆ ದಾರ ಕಟ್ಟುತ್ತ.
ತೆಗೆದರೆ ಸರಿ, ಒಳಗೇ ಮುರಿದರೆ?
ಓಡೀಲ್ ರಸೀದಿ ಬರೆಯುತ್ತಿದ್ದಳು:
ಅದಕ್ಕೆಲ್ಲ ಖಾತರಿ ಇಲ್ಲ.
ಯಂತ್ರಕ್ಕೆ ಮಾತ್ರ ಎರಡು ವರ್ಷ.

ಮೇ ತಿಂಗಳಲ್ಲಿ ಒಂದು ಮುಂಜಾನೆ ರೊಟ್ಟಿಗೆ ಹೊರಟವನು
ಸ್ಟೇಷನ್ನಿನ ಬೇಲಿಯಾಚೆ ಕಂಡೆ.
ಈಗ ಸೀಟಿ ಇಲ್ಲ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ.
ರೈಲು ಹೊರಟು, ತಿರುವು ದಾಟಿ, ಸದ್ದೂ ಇಳಿದು ಹೋಯಿತು.
ಹಳಿಗಳ ನಡುವೆ ಯಾರೂ ನೆಡದ ಹಳದಿ ಹೂ.
ಕ್ವೆಂದೆ ತೋಳು ಮೇಲೆತ್ತಿ, ರಸ್ತೆಯ ಕಡೆ ಮುಖ ಮಾಡಿ
ನಾಲ್ಕು ನಿಮಿಷ ಹೊತ್ತು
ನಿಂತಿದ್ದ.