ನಡುಗಲೊಂದು ಚೀಟಿ

ಹನ್ನೊಂದು ತಿಂಗಳಿಂದ ಬಲಗೈ ನನ್ನ ಮಾತು ಕೇಳುತ್ತಿಲ್ಲ.
ಒಬ್ಬಳೇ ಇದ್ದರೆ ಸರಿ: ಸಾಸಿವೆ ಡಬ್ಬಿಗೆ ಹೆಸರು ಬರೆಯುತ್ತದೆ,
ಮಗಳ ಜಡೆಯ ಮೂರೆಳೆಯನ್ನೂ ಸಮ ಹೆಣೆಯುತ್ತದೆ.
ದಾವಣಗೆರೆಯ ಮಂಡಿಪೇಟೆ ಸಹಕಾರಿ ಬ್ಯಾಂಕಿನಲ್ಲಿ, ಗಾಜಿನಾಚೆ
ಒಂದು ಜೊತೆ ಕಣ್ಣು ಬಂದು ನಿಂತರೆ ಮುಗಿಯಿತು.
ಪೆನ್ನು ಕಾಗದ ಮುಟ್ಟುವ ಮೊದಲೇ
ರೈಲು ಬರುವ ಹೊತ್ತಿಗೆ ಅಶೋಕ ರಸ್ತೆಯ ಗೇಟಿನ ಪಕ್ಕ
ಚಹದಂಗಡಿಯ ಗ್ಲಾಸುಗಳ ಹಾಗೆ.

ಏನೇನು ಮಾಡಿಲ್ಲ.
ಎಡಗೈಯಿಂದ ಬಲಗೈ ಹಿಡಿದೆ, ಎರಡೂ ನಡುಗಿದವು.
ಗುಳಿಗೆ ನುಂಗಿದೆ, ನಿದ್ದೆ ಬಂತು, ನಿದ್ದೆಯಲ್ಲೂ ಕೌಂಟರಿನ ಮುಂದೆ ಕ್ಯೂ.
ಅತ್ತೆ ಕಟ್ಟಿದ ಕರಿದಾರ ಮಣಿಕಟ್ಟಲ್ಲಿದೆ ಇನ್ನೂ,
ಅದೂ ಕೈಯ ಜೊತೆಗೇ ನಡುಗುವುದನ್ನು ಕಲಿತಿದೆ.

ಪಿ.ಜೆ. ಬಡಾವಣೆ, ಔಷಧಿ ಅಂಗಡಿಯ ಮೇಲೆ, ಕಿರಿದಾದ ಮೆಟ್ಟಿಲು.
ಡಾಕ್ಟರ್ ಮರುಳಸಿದ್ಧಯ್ಯ ಎಲ್ಲ ಕೇಳಿ,
ಕನ್ನಡಕ ಒರೆಸಿ, ಚೀಟಿಯಲ್ಲಿ ಬರೆದದ್ದು ಇಷ್ಟೇ:
"ನಾಳೆ ಹತ್ತೂವರೆಗೆ, ಮೊದಲ ಗಿರಾಕಿಯ ಮುಂದೆ, ಚೆನ್ನಾಗಿ ನಡುಗುವುದು.
ಇದುವರೆಗೆ ನಡುಗಿದ್ದಕ್ಕಿಂತ ಜಾಸ್ತಿ.
ನೂರಕ್ಕೆ ಎಷ್ಟು ಅಂಕ ಬಂತೆಂದು ಬರೆದು ತರುವುದು."
ಕಾದೆ. ಗುಳಿಗೆಯ ಹೆಸರು ಬರಲಿಲ್ಲ.
ಮುನ್ನೂರು ರೂಪಾಯಿ.
ಮೆಟ್ಟಿಲಿಳಿಯುವಾಗ ಅವರ ಮನೆತನವನ್ನೆಲ್ಲ ಬೈದೆ, ಮನಸಿನಲ್ಲಿ.

ಮರುದಿನ ಮೊದಲು ಬಂದವರು ಮಂಡಕ್ಕಿ ಭಟ್ಟಿಯ ಖಾದರ್‌ಬಾಷಾ,
ರೆಪ್ಪೆಯ ಮೇಲೂ ಹೊಟ್ಟಿನ ಮಸಿ, ಡಿಡಿ ಬೇಕು, ಅರ್ಜೆಂಟು.
ಸರಿ, ಶುರು ಮಾಡು, ಅಂದೆ ಕೈಗೆ.
ಕೈ ಸುಮ್ಮನೆ.
ನಡುಗೇ, ಇದಕ್ಕೆಂದೇ ಮುನ್ನೂರು ತೆತ್ತಿದ್ದೇನೆ.
ಸುಮ್ಮನೆ.
ರಚ್ಚೆ ಹಿಡಿದ ಕೂಸಿಗೆ "ಅಳು, ಇನ್ನೂ ಜೋರಾಗಿ ಅಳು" ಅಂದರೆ
ತೆರೆದ ಬಾಯಿ ಹಾಗೇ ನಿಂತು ನಮ್ಮ ಮುಖ ನೋಡುತ್ತದಲ್ಲ, ಹಾಗೆ.
ನಾನೇ ಮೊಣಕೈಯಿಂದ ಅಲ್ಲಾಡಿಸಿದೆ, ಕಳ್ಳ ನಡುಕ, ನಾಟಕದ ನಡುಕ.
ಖಾದರ್‌ಬಾಷಾ ಗಾಜಿಗೆ ಮೂಗು ತಾಗಿಸಿ
"ಯಾಕವ್ವಾ, ಪೆನ್ನಿನಾಗ ಇಂಕು ಇಳೀವಲ್ದಾ?" ಅಂದರು.
ನಗು ಬಂತು. ಡಿಡಿಯ ಮೇಲೆ ಅಕ್ಷರ
ಒಂದನೇ ಕ್ಲಾಸಿನ ಮೇಷ್ಟ್ರು ಮೆಚ್ಚುವಷ್ಟು ದುಂಡಗೆ.
ಅಂಕ: ನೂರಕ್ಕೆ ನಾಲ್ಕು. ಫೇಲು.

ಮೂರು ದಿನ ಫೇಲಾದೆ. ನಾಲ್ಕನೇ ದಿನ
ವಾಸಿಯಾಯಿತು ಎಂದುಕೊಂಡೆ, ಹಾಲೇಶನಿಗೆ ಬೆಣ್ಣೆ ದೋಸೆ ಕೊಡಿಸುತ್ತೇನೆಂದೆ.
ಅದೇ ಗಳಿಗೆಗೆ ಬಂತು, ಹಳೇ ನೆಂಟ, ಚಪ್ಪಲಿ ಸಮೇತ ಒಳಗೆ.
ಓಡಿದೆ, ಮೆಟ್ಟಿಲು ಹತ್ತಿ.
"ಇವತ್ತು ಕರೆದಿದ್ದಿರಾ ಅದನ್ನ?" ಅಂದರು ಡಾಕ್ಟರು.
"ಇಲ್ಲ."
"ಅದಕ್ಕೇ ಬಂತು."

ಎಲ್ಲರಿಗೂ ಹೀಗಲ್ಲ. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ
ಕಾಟನ್ ಮಿಲ್ಲಿನ ಹಳೇ ನೂಲುಗಾರ ಅಜ್ಜಪ್ಪನಿಗೆ ನಿದ್ದೆಯಿಲ್ಲ.
"ರಾತ್ರಿಯಿಡೀ ಕಣ್ಣು ಮುಚ್ಚಕೂಡದು" ಎಂಬ ಚೀಟಿ ಸಿಕ್ಕಿತು.
ಮೂವತ್ತು ವರ್ಷ ಮೇಸ್ತ್ರಿಯ ಮಾತು ಮೀರದ ಮನುಷ್ಯ:
ಮುಚ್ಚಲಿಲ್ಲ. ಒಂದು ವಾರ.
ನಿಂತುಹೋದ ಮಿಲ್ಲಿನ ರಾತ್ರಿಪಾಳಿಯನ್ನು ಒಬ್ಬನೇ ಮುಗಿಸಿ
ಬೇರೆ ಡಾಕ್ಟರ ಕಡೆ ಹೋದ.
ವಿಧೇಯರಿಗೆ ಈ ಮದ್ದು ನಾಟುವುದಿಲ್ಲವೇನೋ. ಗೊತ್ತಿಲ್ಲ.

ಭಾನುವಾರ ಮಂಡಕ್ಕಿಗೆಂದು ಭಟ್ಟಿಗೆ ಹೋದೆ.
ಕಾದ ಮರಳಲ್ಲಿ ಅಕ್ಕಿ. ಖಾದರ್‌ಬಾಷಾ ಅದನ್ನು ಹಿಡಿದು ನಿಲ್ಲಿಸುತ್ತಿರಲಿಲ್ಲ,
ಉದ್ದನೆ ಕೋಲಲ್ಲಿ ಇನ್ನಷ್ಟು ಕುಣಿಸುತ್ತಿದ್ದರು.
ಲೆಕ್ಕದ ಪುಸ್ತಕ ಮುಂದೆ ತಳ್ಳಿ
"ನೀವೇ ಬರ್ಕೊಳ್ರಿ, ನನ್ನ ಕೈ ಮಸಿ" ಅಂದರು.
ಬಾ, ಅಂದೆ ಒಳಗೊಳಗೇ, ಆ ಹೊಗೆಯಲ್ಲಿ, ಆರು ಜನ ನೋಡುತ್ತಿರುವಾಗ.
'ಐದು ಸೇರು' ಎಂದು ಬರೆದೆ.
'ರು'ವಿನ ಕೊಂಬು ಸ್ವಲ್ಪ ಅಲುಗಿತು.
ಎಷ್ಟು ಅಂಕವೆಂದು ಲೆಕ್ಕ ಹಾಕುವಷ್ಟರಲ್ಲಿ
ಚೀಲದ ಬಾಯಿ ಕಟ್ಟಿ ಕೊಟ್ಟರು.
ಬಿಸಿಯಿತ್ತು. ಎರಡೂ ಕೈಯಲ್ಲಿ ಹಿಡಿದೆ.