ಒಂದನೇ ತಿಂಗಳಿಂದ ಎಣಿಸು

ಮಂಡಿಪೇಟೆಯ ನಮ್ಮಂಗಡಿಯಲ್ಲಿ ನಾಲ್ಕು ಖಾತೆಪುಸ್ತಕ.
ಬಟ್ಟೆಯ ಬೆನ್ನು, ಹೊಟ್ಟೆ ತುಂಬ ಮಾವ ಬಕ್ಕಪ್ಪನವರ
ಬಲಕ್ಕೆ ಬಾಗಿದ ಅಕ್ಷರ.
ಹಳದಿ ಕ್ಯಾಸೆಟ್ಟಿನದು, ಸೀಡಿಯದು,
ಕರಿ ಪೆಟ್ಟಿಗೆಯದು, ಈಗಿನ ಬಿಳಿಯದು:
ಟೀವಿ ಗೇಮಿನ ನಾಲ್ಕು ತಲೆಮಾರು
ಒಂದೇ ಕಪಾಟಲ್ಲಿ, ಒಂದೇ ಗೆದ್ದಲ ಹೆದರಿಕೆಯಲ್ಲಿ.

ಮಾರ್ಚಿ ಮುಗಿದ ಮೇಲೆ
ಮಗಳ ಗ್ರಾಫ್ ಹಾಳೆ ಬೇಡಿ ತಂದೆ.
ಇಸವಿ ಅಡ್ಡಕ್ಕೆ, ಮಾರಿದ ಲೆಕ್ಕ ಉದ್ದಕ್ಕೆ.
ಮಾವ ಕನ್ನಡಕ ಏರಿಸಿ ನಕ್ಕರು:
"ಹಂಗಲ್ಲ ಮಂಗಳಾ,
ಹತ್ತು ವರ್ಷದ ಅಣ್ಣನ್ನ ತಂದು
ತಮ್ಮನ ತೊಟ್ಟಿಲ ಪಕ್ಕ ನಿಲ್ಲಿಸಿ
ಯಾರು ಎತ್ತರ ಅಂತ ಕೇಳ್ತಾರೇನು?
ಎಲ್ಲಾರನ್ನೂ ಹುಟ್ಟಿದ ದಿನಕ್ಕೆ ತಗೊಂಡು ಹೋಗು.
ಒಂದನೇ ತಿಂಗಳಿಂದ ಎಣಿಸು."

ಎಣಿಸಿದೆ.

ಹಳದಿಯದು ಒಂದೇ ನೆಗೆತ.
ಮೊದಲ ದೀಪಾವಳಿಗೆ ಹನ್ನೊಂದು,
ಬೇಸಿಗೆ ರಜೆಗೆ ನೂರಾ ನಲವತ್ತು.
ಗಿರಣಿಯ ಪಾಳಿ ಮುಗಿಸಿ, ತಲೆಗೂದಲಲ್ಲಿ
ಹತ್ತಿಯ ಎಳೆ ಹಾಗೇ ಇಟ್ಟುಕೊಂಡು ಬಂದವರು
ಕಂತಿಗೆ ಒಯ್ದರು.
"ಒಂಬತ್ತು ಸಾವಿರ ಆಟ ಐತಂತಲ್ಲ?"
ಇದ್ದದ್ದು ಇಪ್ಪತ್ತೆರಡು.
ಮಿಕ್ಕವೆಲ್ಲ ಅವೇ, ಹೆಸರು ಬದಲಿಸಿಕೊಂಡು.
ಇಪ್ಪತ್ತೊಂಬತ್ತನೇ ತಿಂಗಳಿಗೆ ಗೆರೆ ಧೊಪ್ಪನೆ.

ಸೀಡಿಯದು ಗಾಳಿಯಿಲ್ಲದ ಬೆಳಗ್ಗೆ
ಮಂಡಕ್ಕಿ ಭಟ್ಟಿಯ ಹೊಗೆ ಏಳುವಂತೆ ಎದ್ದದ್ದು.
ಕರಿಯದು ಮೆಡಿಕಲ್ ಹಾಸ್ಟೆಲ್ ಹುಡುಗರದು,
ಪರೀಕ್ಷೆಗೆ ಬೀಳುತ್ತದೆ, ಫಲಿತಾಂಶಕ್ಕೆ ಏಳುತ್ತದೆ,
ಪಾಸಾಗಲಿ, ಫೇಲಾಗಲಿ.
ಬಿಳಿಯದಕ್ಕೆ ಇಪ್ಪತ್ತು ತಿಂಗಳು, ಮಾರಿದ್ದು ಒಂಬತ್ತು.
ಅದರ ಬೆಲೆ ಬರೆಯಲು ಮಾತ್ರ
ಕಾಲಮ್ಮಿನಲ್ಲಿ ಜಾಗ ಸಾಲಲಿಲ್ಲ.

"ತಲೆಮಾರಿಗೊಂದು ಗುಡ್ಡ,
ಹಿಂದಿನದಕ್ಕಿಂತ ಮುಂದಿನದು ಗಿಡ್ಡ" ಅಂದೆ.
ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ದಾದಾಪೀರ್
ತಲೆ ಎತ್ತಲಿಲ್ಲ.
"ಅದ್ರಾಗೆ ನನ್ನ ಪಾಲೂ ಐತೆ ಅಕ್ಕಾ.
ಸೀಡಿದು ಮುನ್ನೂರಾದ್ರೂ ರಿಪೇರಿ ಮಾಡೀನಿ.
ಅವು ಸತ್ತಿದ್ರೆ ಹೊಸದು ಒಯ್ತಿದ್ರು."
ರಾಳದ ಹೊಗೆ ಅವನ ಹುಬ್ಬಿಗೆ ತಾಗಿ ಒಡೆಯಿತು.

ಗ್ರಾಫಿಗೆ ಇದೂ ಗೊತ್ತಿಲ್ಲ:
ಆಜಾದ್ ನಗರದ ಒಂದು ಮನೆಗೆ
ಮಾವ ಕಂತು ವಸೂಲಿಗೆ ಹೋಗಿದ್ದರು.
ಬಾಗಿಲಲ್ಲಿ ಹದಿನೇಳು ಜೋಡಿ ಪುಟ್ಟ ಚಪ್ಪಲಿ,
ಒಳಗೆ ಒಂದು ಟೀವಿ, ಎರಡೇ ರಿಮೋಟು,
ಸರದಿಗಾಗಿ ಉಸಿರು ಹಿಡಿದ ಮೌನ.
ಚಪ್ಪಲಿ ಎಣಿಸಿ ವಾಪಸ್ ಬಂದರಂತೆ.
ನೂರಾ ಎಂಬತ್ತು ರೂಪಾಯಿ ಬಾಕಿ,
ಇನ್ನೂ ಇದೆ, ಮೊದಲ ಪುಸ್ತಕದ ಪುಟ ನಲವತ್ತೊಂದರಲ್ಲಿ.
ಬಿಳಿಯದು ಒಯ್ದವರ ಬಾಗಿಲು ನಾವು ನೋಡಿಲ್ಲ.
ಕಂತು ಬ್ಯಾಂಕಿನದು.

ರೋಲಿಂಗ್ ಶಟರ್ ಅರ್ಧ ಎಳೆದಾಗ
ಕಿವಿಯ ಹತ್ತಿರ ನರೆತವನೊಬ್ಬ ಬಗ್ಗಿ ಕೇಳಿದ:
"ಹಳದಿ ಕ್ಯಾಸೆಟ್ಟಿನ ಸೆಟ್ಟು ಐತಾ?"
ಅಟ್ಟದ ಮೇಲೆ ಒಂದಿತ್ತು.
ಕ್ಯಾಸೆಟ್ಟು ಹೊರಗೆಳೆದು, ಯಾರೂ ಹೇಳದೆ,
ಅದರ ಬಾಯಿಗೆ ಒಮ್ಮೆ ಊದಿದ.
ಚೌಕಾಸಿ ಮಾಡಲಿಲ್ಲ.

"ಇದನ್ನೂ ಬರೀಲಾ?"
"ಮಾರಾಟ ಅಂದ ಮೇಲೆ ಮಾರಾಟ. ಬರಿ."

ಮೊದಲ ತಲೆಮಾರು,
ಮುನ್ನೂರ ಹನ್ನೆರಡನೇ ತಿಂಗಳು: ಒಂದು.
ಹಾಳೆ ನೂರರ ಹತ್ತಿರವೇ ಮುಗಿದುಹೋಗಿದೆ.
ಮೈದಾ ಕುದಿಸಿ ಅಂಟು ಮಾಡಿಟ್ಟಿದ್ದೇನೆ,
ಇನ್ನೆರಡು ಹಾಳೆ ಬೇಕು.
ಮಗಳು ಕೊಡಲ್ಲ ಅಂತಿದ್ದಾಳೆ.