ನಡುಗದ ಸಹಿ

ದುರ್ಗಿಗುಡಿಯ ಕಚೇರಿ, ಮಧ್ಯಾಹ್ನ ಮೂರು.
ಟ್ಯೂಬ್‌ಲೈಟಿಗೆ ಹಿಡಿದು ನೋಡಿದೆ ಅಂಕಪಟ್ಟಿ:
ನೀರುಗುರುತು ಇದೆ, ಮೊಹರು ದುಂಡಗಿದೆ,
ಕಾಗದ ನನ್ನದಕ್ಕಿಂತ ಚೆಂದ.

ಸಹಿಯಲ್ಲಿ ನಿಂತಿತು ಕಣ್ಣು.
ಆ ವರ್ಷ ಹಾಲೇಶಪ್ಪ ಸಾಹೇಬರ ಕೈ ನಡುಗುತ್ತಿತ್ತು;
ಲೋಟ ಹಿಡಿದು ಕಾಫಿ ಕುಡಿಸಿದವಳು ನಾನೇ.
ಒಂದೊಂದು ಸಹಿಯೂ ಮಸಿ ಮೆಟ್ಟಿದ ಇರುವೆಯ ನಡಿಗೆ.
ಇದೋ, ಸ್ಕೇಲಿಟ್ಟು ಎಳೆದ ಹಾಗಿದೆ.

ಎದುರಿಗೆ ಕೂತ ಹುಡುಗ
ಸೋಮವಾರದಿಂದ ಹೊಸನಗರದ ಆಸ್ಪತ್ರೆಯಲ್ಲಿ
ರಕ್ತ ಪರೀಕ್ಷಿಸುವವನು.
"ಮೇಡಂ, ಕೆಲಸ ಬರುತ್ತೆ ನನಗೆ," ಅಂದ.
ಬರಬಹುದು.
ಬಾರದಿದ್ದರೆ, ಗೊತ್ತಾಗುವುದು ಯಾರದೋ ರಕ್ತಕ್ಕೆ.

ನನ್ನ ಡ್ರಾಯರಿನಲ್ಲಿ ನನ್ನದೂ ಒಂದಿದೆ:
ಗಣಿತ, ಮೂರನೇ ಸಲ, ಮೂವತ್ತೈದು.
ತೋರಿಸಲಿಲ್ಲ.

ಪೆನ್ನು ತೆಗೆದು ಬರೆದೆ: ತಾಳೆಯಾಗಿಲ್ಲ.
ಕೆಳಗೆ ಹೆಸರು ಹಾಕುವಾಗ
ನನ್ನ ಕೈಯೂ ನಡುಗಿತು, ಸ್ವಲ್ಪ.